ಎದೆಗೆ ಐದು, ತೋಳಿಗೆ ಎರಡು

ಗುತ್ತಲು ರಸ್ತೆಯ ನನ್ನ ಅಂಗಡಿಗೆ,
ಮದುವೆ ರವಿಕೆಗಳ ರಾಶಿಯ ನಡುವೆ,
ಬಂದು ನಿಂತ ಸಿಂಗ್ರಯ್ಯ,
ನಾಲೆಗೆ ಇಳಿದು ಹೆಣ ಎತ್ತುವವನು.
"ಮೈಗೆ ಅಂಟ್ಕೊಳೋ ಹಂಗೆ ಹೊಲ್ಕೊಡು ಕಣಕ್ಕ,
ಹುಲಿಕೆರೆ ಸುರಂಗದ ಬಾಯಲ್ಲಿ ಮೂಳೆಗೇ ಚಳಿ."

ತರಿಸಿದ ನಿಯೋಪ್ರೀನ್ ತುಂಡು ನಾಲ್ಕು, ನಾಲ್ಕೂ ಕಪ್ಪು.
ಹೆಬ್ಬೆರಳಲ್ಲಿ ಒತ್ತಿದರೆ
ಒಂದು ಕುಸಿದು ಕೂತೇಬಿಟ್ಟಿತು, ಹಳಸಿದ ಇಡ್ಲಿ.
ಮಿಕ್ಕವನ್ನು ತೂಗಿ, ಬಕೆಟ್ಟಿನಲ್ಲಿ
ರುಬ್ಬುಗುಂಡು ಹೇರಿ ಇರುಳಿಡೀ ಮುಳುಗಿಸಿಟ್ಟೆ.
ಬೆಳಿಗ್ಗೆ ಪಕ್ಕದ ಅಕ್ಕಸಾಲಿಯ ತಕ್ಕಡಿ ಹೇಳಿತು
ಯಾವುದು ಕದ್ದು ನೀರು ಕುಡಿದಿದೆ ಎಂದು.

ಉಳಿದದ್ದು ಎರಡು.
ದಪ್ಪದ್ದು ಬೆಚ್ಚಗೆ, ಆದರೆ ಮೊಣಕೈ ಮಡಚದು.
ಎದೆಗೆ ಐದು ಮಿಲ್ಲಿಮೀಟರ್, ತೋಳಿಗೆ ಮೂರು ಎಂದೆ.
ಅವನು ಸುಮಾರು ಹೊತ್ತು ಕಪ್ಪು ಸವರಿದ.
"ತೋಳಿಗೆ ಎರಡೇ ಸಾಕು.
ರಾಡಿ ನೀರಲ್ಲಿ ತಬ್ಕೊಂಡಾಗ
ಕೂಸೋ ದೊಡ್ಡೋರೋ
ಮೊದಲು ತೋಳಿಗೇ ಗೊತ್ತಾಗೋದು."

ಕತ್ತರಿ ಇಟ್ಟೆ. ಕೊಯ್ದ ಅಂಚಿನಲ್ಲಿ
ರಾಗಿಕಾಳಿಗಿಂತ ಚಿಕ್ಕ ಗುಳ್ಳೆಗಳು,
ಒಂದೊಂದರಲ್ಲೂ ಬಾಯಿ ಮುಚ್ಚಿದ ಉಸಿರು.
ಅಂಟು ಹಚ್ಚಿ, ಅಂಚಿಗೆ ಅಂಚು ಕೂಡಿಸಿ
ಸೂಜಿಯನ್ನು ಅರ್ಧ ದಪ್ಪಕ್ಕೇ ತಿರುಗಿಸಿಕೊಂಡೆ,
ಆಚೆ ತೂರದ ಹಾಗೆ.