ನಾಲ್ಕನೆಯದು

ವಾಲ್ಪರಾಯಿಸೊ ಗುಡ್ಡದ ತಗಡಿನ ಮನೆ, ರಾತ್ರಿ ಒಂದೂವರೆ.
ಎಲಿಯೊದೋರೊ ಕನ್ನಡಕ ಹಣೆಗೇರಿಸಿ
ಪರದೆಗೆ ಮೂಗು ತಾಗಿಸಿ ಕೂತಿದ್ದಾನೆ.
ನಾನು ಕೆಳಮನೆಯವಳು, ಬಂದರಿನ ಕ್ರೇನ್ ಪಾಳಿ ಮುಗಿಸಿ ಬಂದವಳು,
ಪಟ್ಟಿ ಓದುತ್ತೇನೆ ಜೋರಾಗಿ:
ಏಳು, ಎಫ್, ಸೊನ್ನೆ, ಸೊನ್ನೆ, ಸಿ, ಒಂಬತ್ತು…
ಹಾಡಿಗೆ ಮೂವತ್ತೆರಡು ಅಕ್ಷರ.
ಪ್ರಾಸವಿಲ್ಲ, ಅರ್ಥವಿಲ್ಲ,
ಉಸಿರೆಳೆಯಲು ಒಂದು ಅಲ್ಪವಿರಾಮವೂ ಇಲ್ಲ.

ಪಟ್ಟಿ ಅವನದೇ. ಇಪ್ಪತ್ತು ವರ್ಷದ ಹಿಂದೆ
ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ದಿನ
ಲೆಕ್ಕ ತೆಗೆದು, ಬರೆದು, ಸಕ್ಕರೆ ಡಬ್ಬಿಯಲ್ಲಿಟ್ಟದ್ದು.
ಆಮೇಲೆ ಡಿಸ್ಕು ಸತ್ತಿತು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು.
ಹಾಡುಗಳು ಮಾತ್ರ ಯಾರಯಾರದೋ ಕೈ ದಾಟಿ
ಲೀಮಾ, ಲಿಯೋನ್, ಒಸಾಕಾ ಸುತ್ತಿ
ಈಗ ರೊಸಾರಿಯೋದ ಹುಡುಗನೊಬ್ಬನಿಂದ
ತೊಟ್ಟುತೊಟ್ಟಾಗಿ ಇಳಿದಿವೆ.

ಒಂದು, ಸರಿ. ಎರಡು, ಸರಿ. ಮೂರು, ಸರಿ.
ನಾಲ್ಕು…
"ಮತ್ತೆ ಓದು."
ಓದಿದೆ. ಮೊದಲಕ್ಷರದಿಂದಲೇ ಬೇರೆ.
ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ
ಇಡೀ ಮುಖವೇ ಬದಲಾಗುತ್ತದಂತೆ;
'ಸ್ವಲ್ಪ ತಪ್ಪು' ಎಂಬ ಮಾತು ಇದಕ್ಕೆ ಬಾರದು.
ಮತ್ತೆ ಇಳಿಸಿದೆವು. ಮತ್ತೆ ಅದೇ ಬೇರೆ ಮುಖ.
ಹಾಗಾದರೆ ದಾರಿಯಲ್ಲಿ ಚೆಲ್ಲಿದ್ದಲ್ಲ,
ಹೊರಡುವಾಗಲೇ ಹೀಗೆ.

ಕೇಳಿದೆವು. ಗಿಟಾರಿದೆ, ಲೋಟದ ಸದ್ದಿದೆ.
ತಾಳ ಎಲ್ಲೂ ತಪ್ಪಿಲ್ಲ, ತಾಳೆಯಷ್ಟೇ ಇಲ್ಲ.
ನನಗಂತೂ ನುಣುಪಾಗಿಯೇ ಕೇಳಿಸಿತು. ಹಾಗಂದೆ ಕೂಡ.
ಎರಡನೇ ಚರಣ ಮುಗಿವಲ್ಲಿ ಅವನು ಬೆರಳೆತ್ತಿದ.
"ಇಲ್ಲಿ ಕೆಮ್ಮಿದ್ದಳು."

ಎಂಬತ್ತಾರರ ಚಳಿಗಾಲ. ಬಾರಿನ ಹಿಂದಿನ ಕೋಣೆ.
ಕೋಟಿನೊಳಗೆ ಮೈಕು ಬಚ್ಚಿಟ್ಟುಕೊಂಡ ಎರ್ಮಿನಿಯಾ
ಮೂರೂವರೆ ಹಾಡಿನ ತನಕ ನುಂಗಿಕೊಂಡ ಕೆಮ್ಮು.
ಯಾರೋ ಒಳ್ಳೆಯವರು, ಉಪಕಾರವೆಂದೇ ತಿಳಿದು,
ಮೇಜಿನ ಮೇಲಿನ ರೊಟ್ಟಿಚೂರಿನಂತೆ ಒರೆಸಿದ್ದಾರೆ.
ಈ ಯಂತ್ರಕ್ಕೆ ಎರ್ಮಿನಿಯಾ ಗೊತ್ತಿಲ್ಲ,
ಹಾಡೆಂದರೇನು ಅಂತಲೂ ಗೊತ್ತಿಲ್ಲ.
ಕೂಡುವುದು, ಕಳೆಯುವುದು, ಅಷ್ಟೇ ಅದರ ವಿದ್ಯೆ;
ಕಳೆದುಹೋದದ್ದನ್ನು ಹೇಳಿಬಿಟ್ಟಿತು.

ರೊಸಾರಿಯೋಕ್ಕೆ ಬರೆದ, ಎರಡೇ ಬೆರಳಲ್ಲಿ:
ಕೊಳೆಯಾದದ್ದು ಇದ್ದರೆ ಕಳಿಸು.

ಬೆಳಗಿನ ಜಾವ ಉತ್ತರ ಬಂತು.
"ಹಳೆಯದೂ ಇದೆ ಸ್ವಾಮಿ, ಆದರೆ ಕ್ಷಮಿಸಿ,
ಅದರಲ್ಲಿ ಯಾರೋ ಕೆಮ್ಮುತ್ತಾರೆ."

ಈ ಸಲ ಪಟ್ಟಿ ನನ್ನಿಂದ ಕಸಿದುಕೊಂಡ.
ಮೂವತ್ತೆರಡನ್ನೂ ತಾನೇ ಓದಿದ, ಕೊನೆಕೊನೆಗೆ
ಕಾಗದ ನೋಡದೆ.
ಸರಿ.

ಹಾಡು ಹಾಕುತ್ತಾನೆಂದು ಕಾದೆ.
ಟೋಪಿ ಹಾಕಿಕೊಂಡು
ಬ್ರೆಡ್ಡು ತರಲು ಮೆಟ್ಟಿಲಿಳಿದ.