ಸುಡದೆ ಉಳಿದ ಫ್ಯೂಸು

ದಿದುಬೆ ಮೆಟ್ರೋದ ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಅಂಗಡಿ ಎಂದರೆ ಎರಡು ಮೊಳ ಹಲಗೆ, ಒಂದು ಭೂತಗನ್ನಡಿ,
ಪಕ್ಕದ ರೊಟ್ಟಿ ಒಲೆಯಿಂದ ಗೋಡೆ ದಾಟಿ
ಪುಕ್ಕಟೆ ಬರುವ ಶಾಖ.

ಲಮಾರಾ ಬಂದದ್ದು ಚಳಿಗಾಲದ ಒಂದು ಸಂಜೆ.
ಕರವಸ್ತ್ರದಲ್ಲಿ ಕಟ್ಟಿದ ಟೀವಿ ಪೆಟ್ಟಿಗೆ ಹಲಗೆ ಮೇಲಿಟ್ಟು
'ಸತ್ತಿಲ್ಲ, ಹಟ ಹಿಡಿದಿದೆ' ಎಂದಳು.

ನಿಜ. ದೀಪ ಹತ್ತುತ್ತದೆ. ಪರದೆಯ ಮೇಲೆ
ಕಂಪನಿಯ ಹೆಸರು ಬಣ್ಣಬಣ್ಣವಾಗಿ ಅರಳುತ್ತದೆ,
ಆಮೇಲೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ:
ಲಾಗಿನ್ ಆಗುತ್ತಿದೆ, ದಯವಿಟ್ಟು ಕಾಯಿರಿ.
ಆ ಕಂಪನಿ ಬಾಗಿಲು ಹಾಕಿ ಎರಡು ವರ್ಷ.
ಸರ್ವರುಗಳನ್ನು ಯಾರೋ ಕಿಲೋ ಲೆಕ್ಕದಲ್ಲಿ ಮಾರಿರಬೇಕು.
ಮನೆಯೊಡೆಯ ಸತ್ತ ಸುದ್ದಿ ತಿಳಿಯದ ನಾಯಿ
ಗೇಟಿನಲ್ಲಿ ಕೂತು ಬಂದವರಿಗೆಲ್ಲ ಗುರ್ರೆನ್ನುವ ಹಾಗೆ
ಬೂಟ್‌ಲೋಡರ್ ಕೂತಿದೆ.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ.
ಪೆನ್‌ಡ್ರೈವಿನಲ್ಲಿ ನಲವತ್ತು ನಿಮಿಷದ ವಿಡಿಯೋ,
ಯಾರೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟದ್ದು:
ಹನ್ನೆರಡನೇ ನಂಬರಿನ ಟ್ರಾಮ್, ಮುಂದಿನ ಗಾಜಿನಿಂದ ಕಂಡ ಊರು.
'ಓಡಿಸುತ್ತಿರುವುದು ನಾನು. ಕಾಣುವುದಿಲ್ಲ. ಕೆಮ್ಮು ಕೇಳುತ್ತದೆ.'

ತಂತಿ ಬೆಸೆದು ಲ್ಯಾಪ್‌ಟಾಪಿಗೆ ಜೋಡಿಸಿದೆ.
ಕಪ್ಪು ಪರದೆಯಲ್ಲಿ ಬಿಳಿ ಸಾಲು ಇರುವೆಯಂತೆ ಇಳಿದವು.
ಬೇರೆ ತಂತ್ರಾಂಶ ಯಾವುದು ತುಂಬಿದರೂ
ಕೊನೆಯ ಸಾಲು ಅದೇ:
ಸಹಿ ತಾಳೆಯಾಗಲಿಲ್ಲ.
ಯಾರ ಸಹಿ? ಸಹಿ ಹಾಕುವ ಕೈಯೇ ಇಲ್ಲವಲ್ಲ ಮಾರಾಯ!
ಮೂರು ಸಂಜೆ ಬೈದೆ. ನಾಲ್ಕನೆಯ ಸಂಜೆ
'ತಗೊಂಡು ಹೋಗಿ, ಹೊಸದು ಕೊಳ್ಳಿ' ಎಂದೆ.

ಲಮಾರಾ ಹೋಗಲಿಲ್ಲ. ಕೋಟಿನ ಜೇಬಿನಿಂದ
ಹಿತ್ತಾಳೆಯದೊಂದು ಹಿಡಿ ತೆಗೆದು ಠಣ್ಣೆಂದು ಇಟ್ಟಳು.
ಗೇಣುದ್ದ, ಒಳ್ಳೆ ತೂಕ, ಅಂಗೈ ಸವೆಸಿದ ಕಡೆ ಹೊನ್ನಿನ ಬಣ್ಣ.
'ಇದಿಲ್ಲದೆ ಟ್ರಾಮ್ ಮುಂದೂ ಹೋಗದು, ಹಿಂದೂ ಬಾರದು.
ಕೊನೆಯ ದಿನ ಡಿಪೋದಲ್ಲಿ ಒಪ್ಪಿಸಬೇಕಿತ್ತು.
ಮರೆತೆ.'
ಸ್ವಲ್ಪ ತಡೆದು,
'ಮರೆತೆ ಅಂತ ಬರೆದುಕೊಟ್ಟೆ.'
ಟ್ರಾಮುಗಳನ್ನು ಕರಗಿಸಿದರು. ಹಳಿಯ ಮೇಲೆ ಡಾಂಬರು ಹಾಸಿದರು.
ನನ್ನ ಹಲಗೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿದಳು,
ಮತ್ತೇನೂ ಹೇಳಲಿಲ್ಲ.

ಆ ರಾತ್ರಿ, ಯಾಕೋ, ಚಿಮುಟದ ತುದಿಯಿಂದ
ಬೋರ್ಡಿನ ಎರಡು ಚುಕ್ಕೆ ಸೇರಿಸಿ ಒತ್ತಿಹಿಡಿದು ಕರೆಂಟು ಕೊಟ್ಟೆ.
ಚಿಪ್‌ಗೆ ತನ್ನ ನೆನಪೇ ಸಿಗಲಿಲ್ಲ.
ಕತ್ತಲಲ್ಲಿ ಗೋಡೆ ತಡಕುವವರ ಹಾಗೆ ಒಂದು ಗಳಿಗೆ ಇದ್ದು
ನಾನು ಸಿಕ್ಕಿಸಿಟ್ಟ ಕಾರ್ಡಿನ ಕಡೆ ತಿರುಗಿತು,
ಓದಿತು.
ಸಹಿ ಕೇಳಲಿಲ್ಲ.

ಒಳಗೊಂದು ಫ್ಯೂಸು ಇರುತ್ತದೆ, ಕೂದಲಿಗಿಂತ ಸಣ್ಣದು.
ಕಾರ್ಖಾನೆಯಲ್ಲಿ ಅದನ್ನು ಒಮ್ಮೆ ಸುಟ್ಟರೆ ಮುಗಿಯಿತು,
ಬೀಗ ಎಲುಬಿಗೇ ಇಳಿಯುತ್ತದೆ.
ಇದರಲ್ಲಿ ಸುಟ್ಟಿರಲಿಲ್ಲ.
ಯಾವ ಊರಿನ ಯಾವ ಪಾಳಿಯೋ, ಊಟದ ಗಂಟೆ ಹೊಡೆದಿತ್ತೋ,
ಸಾಲಿನಲ್ಲಿ ಕೂತ ಯಾರೋ ಒಬ್ಬಳು
ಮರೆತಳೋ,
ಮರೆತೆ ಅಂತ ಬರೆದುಕೊಟ್ಟಳೋ.
ಅವಳ ಹೆಸರಿಗೆ ಒಂದು ಲೋಟ ವೈನ್ ಎತ್ತಿದೆ.
ಹೆಸರು ಗೊತ್ತಿಲ್ಲದ್ದರಿಂದ ಎರಡು.

ಬೆಳಿಗ್ಗೆ ಲಮಾರಾ ನಿಂತೇ ನೋಡಿದಳು.
ಹಳಿ ಬಂತು, ಸೇತುವೆ ಬಂತು, ಒದ್ದೆ ಛತ್ರಿಗಳು,
ಕೈಬೀಸುತ್ತ ಓಡಿಬರುವ ಒಬ್ಬ ಗಂಡಸು. ಕೆಮ್ಮು.
'ಅವನಿಗೆ ನಿಲ್ಲಿಸಬಹುದಿತ್ತು' ಎಂದಳು.
ಎಡಗೈ ಹಲಗೆಯ ಮೇಲೆ ತನ್ನಷ್ಟಕ್ಕೆ
ಅರ್ಧ ಸುತ್ತು ತಿರುಗಿತ್ತು.

ಕೂಲಿಯಲ್ಲಿ ಅರ್ಧ ದುಡ್ಡು ಕೊಟ್ಟಳು,
ಉಳಿದರ್ಧಕ್ಕೆ ಒಂದು ಸೀಸೆ ಹುಳಿ ಪ್ಲಮ್ಮಿನ ಗೊಜ್ಜು.
ಒಂದು ಕೊರತೆ ಹೇಳಲೇಬೇಕಾಯಿತು:
ರಿಮೋಟಿನ ಕೆಂಪು ಗುಂಡಿಗೆ ಹೊಸಬರ ಪರಿಚಯವಿಲ್ಲ.
ಆರಿಸುವಾಗ ತಂತಿ ಕಿತ್ತುಬಿಡಿ.

ಪೆಟ್ಟಿಗೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟುತ್ತ
'ಗೊತ್ತು' ಎಂದಳು,
'ಟ್ರಾಮನ್ನೂ ಹಾಗೇ ಆರಿಸಿದರು.'