ಬೇರಿದ್ದ ಜಾಗ

ಪೋಯಿಕೆ ದಿಬ್ಬದ ಕೆಂಪು ಮಣ್ಣಿನಲ್ಲಿ
ಬೆರಳು ತೂರುವಷ್ಟು ಅಗಲದ ತೂತುಗಳು, ನೂರಾರು.
ಹುಳ ಕೊರೆದದ್ದಲ್ಲ. ಬೇರಿದ್ದ ಜಾಗ.
ಮರ ಹೋಯಿತು, ಬೇರು ಕೊಳೆಯಿತು,
ಮಣ್ಣು ಮಾತ್ರ ಹಿಡಿತ ಸಡಿಲಿಸಲಿಲ್ಲ.

ಮೆರಾಹಿ ಮೊಣಕಾಲೂರಿ ಬ್ರಶ್ಶಿನಿಂದ ಗುಡಿಸುತ್ತಾಳೆ.
ದಿನಗೂಲಿ; ಮಧ್ಯಾಹ್ನಕ್ಕೆ ಗೆಣಸು, ಸುಟ್ಟ ಮೀನು.
ಜೇಬಿನಲ್ಲಿ ನಿನ್ನೆ ಗುಹೆಯಲ್ಲಿ ಸಿಕ್ಕ ಕಾಯಿ,
ದೊಡ್ಡ ಗೋಲಿಯಷ್ಟು, ಒಳಗೆ ಪೊಳ್ಳು,
ಒಂದು ಬದಿಗೆ ಇಲಿಹಲ್ಲಿನ ಗೀರು.
ತಿಂದವರು ಯಾರೆಂದು ಗೊತ್ತು.
ಕಡಿದವರು ಯಾರೆಂದರೆ
ಊರಿನಲ್ಲಿ ಎಲ್ಲರೂ
ಕಡಲ ಕಡೆ ನೋಡುತ್ತಾರೆ.

‘ಇದರ ಹೆಸರೇನಜ್ಜ?’
ಬಲೆ ಹೊಲಿಯುತ್ತಿದ್ದ ತೇಪಾನೋ ‘ನಿಯು’ ಎಂದ.
ಸೂಜಿ ನಿಂತಿತು.
‘ಅಲ್ಲಲ್ಲ, ಅದು ಅನಕೇನದ ತೆಂಗು,
ನಾನು ಹುಡುಗನಿದ್ದಾಗ ತಾಹಿತಿಯಿಂದ ಬಂದದ್ದು.
ತೀರಿಕೊಂಡವರ ಅಂಗಿ
ಬಂದವರ ಮೈಗೆ ಸರಿಹೋಯಿತು, ಅಷ್ಟೆ.’

ಸಂಜೆ ಎಲ್ಲರೂ ಜೀಪು ಹತ್ತಿದ ಮೇಲೆ
ಅವಳು ಒಂದು ತೂತಿಗೆ ಬೆರಳಿಟ್ಟಳು,
ಮೊದಲ ಗೆಣ್ಣಿನವರೆಗೆ,
ಆಮೇಲೆ ಬುಡದವರೆಗೆ.
ಒಳಗೆ ತಣ್ಣಗಿತ್ತು, ಬಿಗಿಯಾಗಿತ್ತು,
ಕೂಸು ಹಿಡಿದ ಹಾಗೆ.
ಹಾರ್ನು ಎರಡು ಸಲ ಕೂಗಿತು.
ಬಂದೆ, ಎಂದಳು.
ಬೆರಳು ತೆಗೆಯಲಿಲ್ಲ.